ಸುಬ್ರಹ್ಮಣ್ಯನ ಉದ್ದ

ಎಲ್ಲರನ್ನೂ ಪ್ರವಾಸಕ್ಕೆ ಹೊರಡಿಸುವ ಉತ್ಸಾಹಿಗಳು ಪ್ರತಿ ಬಡಾವಣೆಯಲ್ಲೂ ಒಬ್ಬರಾದರೂ ಇರುತ್ತಾರೆ. ಈಗೀಗ ಅವರ ಕಂಕುಳಲ್ಲಿ ನೋಟ್‌ಬುಕ್ಕಿನ ಬದಲು ಲ್ಯಾಪ್‌ಟಾಪು. ಅದರಲ್ಲಿ ಮನೆಗೊಂದು ಪಟ್ಟಿ, ಆ ಪಟ್ಟಿಯೊಳಗೆ ಬರುವವರ ಹೆಸರು. ಇದೇ ಅರೇಯೊಳಗಿನ ಅರೇ.

ಮೂರಕ್ಕಿಂತ ಹೆಚ್ಚು ಜನರಿರುವ ಮನೆಗೆ ದೊಡ್ಡ ಕೋಣೆ ಕೊಡಬೇಕು ಅನ್ನಿ. ಜಾವಾಸ್ಕ್ರಿಪ್ಟ್‌ನಲ್ಲಿ ಒಂದೇ ಸಾಲು: ಹೊರಗಿನ ಅರೇಗೆ ಫಿಲ್ಟರ್ ಹಚ್ಚಿ, ಒಂದೊಂದು ಮನೆಯ ಲೆಂಥ್ ಮೂರನ್ನು ಮೀರಿದೆಯೇ ಎಂದು ಕೇಳುವುದು. 2009ರ ಆವೃತ್ತಿಯಲ್ಲಿ ಫಿಲ್ಟರ್ ಭಾಷೆಗೇ ಸೇರಿತು. ಅದಕ್ಕೂ ಮುಂಚೆ ಫಾರ್ ಲೂಪ್ ಸುತ್ತುವುದೇ ಗತಿ.

ಕೋಡ್ ಬೇಡವೆನ್ನುವವರಿಗೆ ಮೇಕ್, ಎನ್‌ಏಟ್‌ಎನ್ ಇವೆ. ಅಲ್ಲಿ ಅರೇಯ ಉದ್ದವನ್ನು ಹೋಲಿಸುವ ಷರತ್ತನ್ನು ಪಟ್ಟಿಯಿಂದ ಆರಿಸಿದರೆ ಸಾಕು. ಪವರ್ ಆಟೊಮೇಟ್‌ನಲ್ಲಿ ಮಾತ್ರ ಲೆಂಥ್, ಆವರಣ ಚಿಹ್ನೆ, ಐಟಂ ಎಂದು ನೀವೇ ಟೈಪಿಸಬೇಕು. ಕೋಡ್ ಬೇಡ ಅಂತ ಓಡಿಬಂದವರ ಕೈಯಲ್ಲಿ ಕೋಡೇ ಬರೆಸುವ ಈ ಚೇಷ್ಟೆ ನನಗಂತೂ ಇಷ್ಟ.

ಎಡವಟ್ಟು ಆಗುವುದು ಬೇರೆ ಕಡೆ. ಫಾರ್ಮ್ ತುಂಬಿಸಿಕೊಂಡು ಬಂದ ಹೆಸರುಗಳು ಎಷ್ಟೋ ಸಲ ಅರೇ ಆಗಿರುವುದೇ ಇಲ್ಲ; ಅಲ್ಪವಿರಾಮ ಹಾಕಿ ಹೊಲಿದ ಒಂದೇ ಸ್ಟ್ರಿಂಗ್. ಸ್ಟ್ರಿಂಗಿಗೂ ಲೆಂಥ್ ಉಂಟು, ಹಾಗಾಗಿ ಯಾವ ಎರರ್ರೂ ಬರುವುದಿಲ್ಲ. ಜಾವಾಸ್ಕ್ರಿಪ್ಟ್ ಆಗ ಜನರನ್ನು ಬಿಟ್ಟು ಯುಟಿಎಫ್-16 ತುಣುಕುಗಳನ್ನು ಎಣಿಸತೊಡಗುತ್ತದೆ. ನಮ್ಮ ಲಿಪಿಯಲ್ಲಂತೂ ಗುಣಿತದ ಚಿಹ್ನೆಗೆ ಒಂದು ಲೆಕ್ಕ, ಒತ್ತಿನ ಹಿಂದಿನ ಹಲಂತಕ್ಕೆ ಇನ್ನೊಂದು. ನಮ್ಮ ಕಣ್ಣಿಗೆ ನಾಲ್ಕೇ ಅಕ್ಷರದ ಸುಬ್ರಹ್ಮಣ್ಯ, ಅದರ ಲೆಕ್ಕದಲ್ಲಿ ಹನ್ನೊಂದು. ಮದುವೆಯಿಲ್ಲ, ಮಕ್ಕಳಿಲ್ಲ, ಒಬ್ಬನೇ ಬರುವ ಸುಬ್ರಹ್ಮಣ್ಯನಿಗೆ ಇಡೀ ಕ್ರಿಕೆಟ್ ತಂಡಕ್ಕಾಗುವಷ್ಟು ದೊಡ್ಡ ಕೋಣೆ! ಪಾಪ, ಮೂರೇ ತುಣುಕಿನ ರಮಣ ಫಿಲ್ಟರಿನಲ್ಲೇ ಸೋರಿಹೋಗುತ್ತಾನೆ.

ಸರಿ, ಅಲ್ಪವಿರಾಮ ಇರುವಲ್ಲೆಲ್ಲ ಸ್ಪ್ಲಿಟ್ ಮಾಡೋಣ ಎನ್ನುತ್ತೀರಿ. ಮಾಡಿ. ಆದರೆ ಖಾಲಿ ಸ್ಟ್ರಿಂಗನ್ನು ಸ್ಪ್ಲಿಟ್ ಮಾಡಿದರೆ ಖಾಲಿ ಅರೇ ಸಿಗುವುದಿಲ್ಲ. ಒಂದು ಖಾಲಿ ಹೆಸರಿರುವ ಅರೇ ಸಿಗುತ್ತದೆ, ಲೆಂಥ್ ಒಂದು. ಯಾರೂ ಬರುವುದಿಲ್ಲ ಎಂದ ಮನೆಯಿಂದ ಹೆಸರಿಲ್ಲದ ಒಬ್ಬ ಪುಣ್ಯಾತ್ಮ ಬಸ್ಸು ಹತ್ತಿರುತ್ತಾನೆ. ಅವನನ್ನು ಇಳಿಸಲು ಒಳಗಿನ ಅರೇಗೂ ಒಂದು ಫಿಲ್ಟರ್ ಬೇಕು, ಅದೂ ಹೊರಗಿನದಕ್ಕಿಂತ ಮುಂಚೆ. ಇಲ್ಲವಾದರೆ ಅವನಿಗೂ ಒಂದು ಇಡ್ಲಿ-ವಡೆ ಪೊಟ್ಟಣ ಹೇಳಿಬಿಡಿ.