ಓದೂದು, ಓದಾಕ

ಪಿಎಚ್‌.ಡಿ. ಪ್ರವೇಶದ ಸಂದರ್ಶನದಲ್ಲಿ ಒಬ್ಬರು ನನ್ನ ಅರ್ಜಿ ತಿರುವಿ, ಪದವಿಗೂ ಎಂ.ಎ.ಗೂ ನಡುವೆ ಎರಡು ವರ್ಷ ಯಾಕೆ ಖಾಲಿ ಎಂದು ಕೇಳಿದರು. ಆಗ ಅಪ್ಪ ಹಾಸಿಗೆ ಹಿಡಿದಿದ್ದರು. ನಾನು ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ ಚೀಲದ ಲೆಕ್ಕ ಬರೆಯುತ್ತಿದ್ದೆ. ಇಷ್ಟನ್ನೂ ಒಂದು ಇಂಗ್ಲಿಷ್ ವಾಕ್ಯಕ್ಕೆ ಇಳಿಸಲು ಹೋಗಿ ‘ಐ ಸ್ಟಾಪ್ಡ್ ಟು ಸ್ಟಡಿ’ ಎಂದೆ. ‘ಓದುವುದಕ್ಕಾಗಿ ಏನನ್ನು ನಿಲ್ಲಿಸಿದಿರಿ?’ ಎಂಬ ಪ್ರಶ್ನೆ ಬಂತು. ಒಂದಿಬ್ಬರು ನಕ್ಕರು. ನನ್ನ ಬದುಕಿನ ಅತ್ಯಂತ ಕಷ್ಟದ ಎರಡು ವರ್ಷಗಳನ್ನು ನಾನೇ ತಿರುವುಮುರುವಾಗಿ ಹೇಳಿದ್ದೆ.

ಹೇಳಬೇಕಿದ್ದದ್ದು ‘ಸ್ಟಾಪ್ಡ್ ಸ್ಟಡಿಯಿಂಗ್’. ‘ಸ್ಟಡಿಯಿಂಗ್’ ಜೆರಂಡ್: ಕ್ರಿಯೆಯೇ ಹೆಸರಾಗಿ ನಿಂತದ್ದು. ‘ಟು ಸ್ಟಡಿ’ ಇನ್ಫಿನಿಟಿವ್: ಇಲ್ಲಿ ಅದು ಉದ್ದೇಶ ಹೇಳುತ್ತದೆ. ಯಾವ ಕ್ರಿಯಾಪದದ ಮುಂದೆ ಯಾವುದು ಬರುತ್ತದೆ ಎಂಬ ಪಟ್ಟಿಯನ್ನು ಕೊಪ್ಪಳದಲ್ಲಿ ಪದವಿ ಓದುವಾಗಲೇ ಬಾಯಿಪಾಠ ಮಾಡಿದ್ದೆ. ಸಮಯಕ್ಕೆ ಅದು ಒದಗಲಿಲ್ಲ.

ಸೀಟು ಸಿಕ್ಕಿತು. ಯಲಬುರ್ಗಾ ತಾಲ್ಲೂಕಿನ ನಮ್ಮೂರಿಗೆ ಹೋದಾಗ ಅವ್ವ ಪಕ್ಕದ ಮನೆಯವರಿಗೆ ಹೇಳುತ್ತಿದ್ದಳು: ‘ನಮ್ಮ ಹುಡುಗ ಎರಡು ವರ್ಷ ಓದೂದು ಬಿಟ್ಟಿದ್ದ. ಈಗ ಮತ್ತ ಓದಾಕ ಹೊಂಟಾನ.’

ಕಟ್ಟೆಯ ಮೇಲೆ ಕೂತಿದ್ದವನು ಹಾಗೇ ಕೂತೆ. ಓದೂದು, ಓದಾಕ. ನಾನು ತಪ್ಪಿದ ಜಾಗದಲ್ಲಿ ಸಾಲಿಯ ಮುಖ ನೋಡದ ಅವ್ವ ತಪ್ಪಿರಲಿಲ್ಲ. ‘ಬೀಡಿ ಸೇದೂದು ಬಿಟ್ಟ’ ಎಂದರೆ ಚಟ ಬಿಟ್ಟ. ‘ಬೀಡಿ ಸೇದಾಕ ನಿಂತ’ ಎಂದರೆ ದಾರಿಯಲ್ಲಿ ನಿಂತು ಸೇದಿದ. ನಮ್ಮ ಕಡೆ ಈ ಎರಡನ್ನು ಯಾರೂ ಅದಲುಬದಲು ಮಾಡುವುದಿಲ್ಲ. ‘ಓದಾಕ’ ಎಂದರೆ ಓದಲಿಕ್ಕೆ. ಅದರ ಕೊನೆಯ ‘ಕ್ಕೆ’ ಮರಕ್ಕೆ, ಹೊಲಕ್ಕೆ ಎನ್ನುವಾಗಿನ ಚತುರ್ಥಿಯೇ. ಇಂಗ್ಲಿಷಿನ ‘ಟು’ ಕೂಡ ಮೂಲದಲ್ಲಿ ದಿಕ್ಕು ತೋರಿಸುವ ಪದ. ‘ಟು ಕೊಪ್ಪಳ’ ಎನ್ನುವಾಗ ಇರುವುದೂ ಅದೇ. ಮುಂದಿನ ಕೆಲಸವನ್ನು ಹೋಗಿ ಸೇರಬೇಕಾದ ಊರಿನಂತೆ ಕಾಣುವುದು ಎರಡೂ ಭಾಷೆಗಳಿಗೆ ಗೊತ್ತು.

ಎಲ್ಲ ಕಡೆ ಈ ಜೋಡಿ ಕೂಡುವುದಿಲ್ಲ. ‘ಕೀಲಿ ಹಾಕಾಕ ನೆನಪಿಡು’ ಎಂಬುದಕ್ಕೆ ‘ರಿಮೆಂಬರ್ ಟು ಲಾಕ್’ ಸರಿಹೊಂದುತ್ತದೆ. ಹಾಕಿ ಮುಗಿದದ್ದಾದರೆ ನಾವು ‘ಹಾಕಿದ್ದು ನೆನಪೈತಿ’ ಎನ್ನುತ್ತೇವೆ, ಇಂಗ್ಲಿಷಿನವರಿಗೆ ‘ಲಾಕಿಂಗ್’ ಸಾಕು. ‘ಎಂಜಾಯ್’ ಮುಂದೆ ‘ರೀಡಿಂಗ್’ ಮಾತ್ರ ಬರಬೇಕು ಎಂಬುದನ್ನು ನೆನಪಿಟ್ಟುಕೊಳ್ಳದೆ ಬೇರೆ ದಾರಿಯಿಲ್ಲ.

ಆದರೆ ನನ್ನನ್ನು ಕಾಡಿದ್ದು ಬೇರೆ. ಕನ್ನಡದ ತರಗತಿಯಲ್ಲಿ ಕೃದಂತ ಕಲಿತೆ, ಇಂಗ್ಲಿಷ್ ತರಗತಿಯಲ್ಲಿ ಜೆರಂಡ್ ಕಲಿತೆ. ಇವೆರಡೂ ಒಂದನ್ನೊಂದು ಬಲ್ಲವು ಎಂದು ಯಾರೂ ಹೇಳಲಿಲ್ಲ. ‘ಓದಾಕ’ ಎಂದು ಬರೆದಾಗಲೆಲ್ಲ ಕೆಂಪು ಗೆರೆ ಬೀಳುತ್ತಿತ್ತು. 9ನೆಯ ಶತಮಾನದ ಕವಿರಾಜಮಾರ್ಗ ತಿರುಳ್ಗನ್ನಡದ ಸೀಮೆಯನ್ನು ಗುರುತಿಸಲು ಹೆಸರಿಸಿದ ನಾಲ್ಕು ಊರುಗಳಲ್ಲಿ ನಮ್ಮ ಕೊಪಣವೂ ಒಂದು. ಅದೇ ಕೊಪ್ಪಳದ ಮಕ್ಕಳು ಮನೆಯ ಮಾತನ್ನು ಸಾಲಿಯ ಹೊರಗೆ, ಚಪ್ಪಲಿಯ ಜೊತೆ ಬಿಟ್ಟು ಒಳಗೆ ಬರುತ್ತೇವೆ.

ಈಗ ರವಿವಾರ ಕುಷ್ಟಗಿಯಲ್ಲಿ ಕೆಲವು ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಮೊನ್ನೆ ಒಬ್ಬ ಹುಡುಗಿ ‘ಐ ಸ್ಟಾಪ್ಡ್ ಟು ಗೋ ಟು ಸ್ಕೂಲ್’ ಎಂದು ಬರೆದಿದ್ದಳು. ನನ್ನದೇ ವಾಕ್ಯ. ಪೆನ್ನು ಕೆಳಗಿಟ್ಟು, ‘ಇದನ್ನ ಮನ್ಯಾಗ ಹೆಂಗ ಹೇಳ್ತಿ?’ ಎಂದೆ.

‘ಸಾಲಿಗೆ ಹೋಗೂದು ಬಿಟ್ಟೆ ಸರ್. ಅವ್ವನ ಜೋಡಿ ಗಂಗಾವತಿ ಕಡೆ ನೆಲ್ಲು ಹಚ್ಚಾಕ ಹೋಗಿದ್ದೆ.’

ಕುಷ್ಟಗಿಯ ಒಣಭೂಮಿಯಿಂದ ತುಂಗಭದ್ರಾ ಕಾಲುವೆಯ ಗದ್ದೆಗೆ ನಾಟಿಗೆ ಹೋದ ಕತೆ ಎರಡೇ ಮಾತಲ್ಲಿತ್ತು. ಜೆರಂಡ್, ಇನ್ಫಿನಿಟಿವ್ ಎರಡೂ ಅವಳ ಬಾಯಲ್ಲೇ ಇದ್ದವು. ಬೋರ್ಡಿನ ಮೇಲೆ ಅವಳ ಕನ್ನಡ ಬರೆದು, ‘ಹೋಗೂದು’ ಕೆಳಗೆ ‘ಗೋಯಿಂಗ್’, ‘ಹಚ್ಚಾಕ’ ಕೆಳಗೆ ‘ಟು ಪ್ಲಾಂಟ್’ ಬರೆದೆ. ಅವಳು ಸ್ವಲ್ಪ ಹೊತ್ತು ನೋಡಿದಳು.

‘ಈಗ ಮತ್ತ ಸಾಲಿಗೆ ಹೋಗಾಕ ಹತ್ತೀನಲ್ಲ ಸರ್, ಅದಕ್ಕ ಯಾವುದು?’

‘ಸ್ಟಾರ್ಟೆಡ್ ಟು ಗೋ ಅಂದ್ರೂ ನಡೀತದ, ಸ್ಟಾರ್ಟೆಡ್ ಗೋಯಿಂಗ್ ಅಂದ್ರೂ ನಡೀತದ’ ಎಂದೆ. ‘ಸ್ಟಾರ್ಟ್ ಮುಂದ ಎರಡೂ ಸರಿ.’

ಅವಳು ಎರಡನ್ನೂ ಬರೆದುಕೊಂಡಳು.