ಉದ್ದದ ಹುಡುಗಿ, ಅಟ್ಟದ ಕಾಯಿ

ನಮ್ಮ ಶೆಟ್ಟಿಕೆರೆ ಕಡೆ ಹುಡುಗಿಯೊಬ್ಬಳು ಐದೂವರೆ ಅಡಿ ದಾಟಿದಳೆಂದರೆ ಜಗಲಿಗೆ ಎರಡು ಕೆಲಸ ಹತ್ತುತ್ತವೆ. ಒಂದು, ಇವಳಿಗೆ ಜೋಡಿಯಾಗುವ ಗಂಡು ಎಲ್ಲಿ ಸಿಕ್ಕಾನು ಎಂಬ ಚಿಂತೆ. ಇನ್ನೊಂದು, "ಕಾಲೇಜಲ್ಲಿ ಬ್ಯಾಸ್ಕೆಟ್‌ಬಾಲ್‌ಗಾದ್ರೂ ಸೇರ್ಸಿ" ಎಂಬ ಪುಕ್ಕಟೆ ಸಲಹೆ. ಸಲಹೆ ಕೊಟ್ಟವರು ಆ ಚೆಂಡನ್ನು ಮುಟ್ಟಿದವರೇ ಅಲ್ಲ ಅನ್ನುತ್ತೀರಾ? ಮುಟ್ಟಿದವರಿಗೆ ಇಷ್ಟು ಧೈರ್ಯ ಎಲ್ಲಿಂದ ಬರಬೇಕು!

ಎತ್ತರದ ಈ ಹುಚ್ಚಿಗೆ ಮೂಲ ಒಂದು ಕಟಕಟೆ. 1891ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜೇಮ್ಸ್ ನೈಸ್ಮಿತ್ ಮೇಷ್ಟ್ರು ಪೀಚ್ ಹಣ್ಣಿನ ಬುಟ್ಟಿಗಳನ್ನು ವ್ಯಾಯಾಮಶಾಲೆಯ ಬಾಲ್ಕನಿಯ ಕಟಕಟೆಗೆ ಮೊಳೆ ಹೊಡೆದು ಕೂರಿಸಿದರು. ಆ ಕಟಕಟೆ ಹತ್ತಡಿ ಮೇಲಿತ್ತು. ಇವತ್ತಿಗೂ ಬುಟ್ಟಿ ಹತ್ತಡಿಯಲ್ಲೇ ಇದೆ. ಆ ಕಟಕಟೆ ಮಾಡಿದ ಬಡಗಿ ಅದನ್ನು ಒಂದಡಿ ಕೆಳಗೆ ಕಟ್ಟಿದ್ದರೆ ಎಷ್ಟು ಕುಳ್ಳಿಯರ ಹಣೆಬರಹ ತಿರುಗುತ್ತಿತ್ತೋ! ಮರುವರ್ಷವೇ ಸ್ಮಿತ್ ಕಾಲೇಜಿನ ಸೆಂಡಾ ಬೆರೆನ್ಸನ್ ಹುಡುಗಿಯರಿಗೂ ಆಟ ಕಲಿಸಿದರು, ನಿಜ. ಆದರೆ ಅಂಗಳವನ್ನು ಮೂರು ಪಾಲು ಮಾಡಿ, ಗೆರೆ ದಾಟಕೂಡದೆಂದರು. ಗೆರೆ ಎಳೆಯುವ ಚಟ ನಮ್ಮೂರಿನ ಹಿರಿಯರದ್ದಷ್ಟೇ ಅಲ್ಲವಲ್ಲ ಎಂದು ನನಗೆ ಸಮಾಧಾನ.

ಅಂದಹಾಗೆ, ಎಳೆಯ ಆಟಗಾರ್ತಿಯನ್ನು ಅಳೆಯುವುದು ಹೇಗೆ? ನಮ್ಮ ಸೀಮೆಯವರಿಗೆ ಇದು ಹೇಳಿಕೊಡಬೇಕಾದ ವಿದ್ಯೆಯಲ್ಲ. ಬಲಿತ ತೆಂಗಿನಕಾಯನ್ನು ಅಟ್ಟಕ್ಕೇರಿಸಿ ಹತ್ತು ಹನ್ನೊಂದು ತಿಂಗಳು ಬಿಡುತ್ತೇವೆ. ಆಮೇಲೆ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ಲೊಡಲೊಡ ಎನ್ನಬೇಕು; ಆಗ ಅದು ಉಂಡೆ ಕೊಬ್ಬರಿ. ಕಾಯಿಗೆ ಇಷ್ಟು ತಾಳ್ಮೆ ತೋರಿಸುವ ನಾವೇ, ಹುಡುಗಿ ಮೊದಲ ಪಂದ್ಯದಲ್ಲಿ ಎರಡು ಬುಟ್ಟಿ ತಪ್ಪಿಸಿದರೆ "ಇವ್ಳ ಕೈಲಾಗಲ್ಲ ಬಿಡಿ" ಎಂದು ಎದ್ದುಬಿಡುತ್ತೇವೆ. ಕಾದರೆ ಏನಾಗುತ್ತದೆ ನೋಡಿ: ತಮಿಳುನಾಡಿನ ಬ್ಯಾಸ್ಕೆಟ್‌ಬಾಲ್ ಆಟಗಾರ್ತಿ ಅನಿತಾ ಪೌಲ್‌ದುರೈ ತಾಯಿಯಾದ ಮೇಲೂ ಮತ್ತೆ ಅಂಗಳಕ್ಕಿಳಿದವರು. 2017ರಲ್ಲಿ ನಮ್ಮ ಬೆಂಗಳೂರಿನಲ್ಲೇ ಭಾರತದ ಹೆಣ್ಣುಮಕ್ಕಳು ಕಜಕಸ್ತಾನವನ್ನು 75-73ರಿಂದ ಮಣಿಸಿ, ಏಷ್ಯಾ ಕಪ್‌ನ ಎರಡನೇ ದರ್ಜೆಯಿಂದ ಮೇಲಿನ ದರ್ಜೆಗೆ ಹತ್ತಿದಾಗ ಅವರೂ ತಂಡದಲ್ಲಿದ್ದರು. 2021ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಆ ಬೆಂಗಳೂರಿನ ಪಂದ್ಯದಲ್ಲಿ ಅಂತರ ಎರಡೇ ಅಂಕ ನೋಡಿ. ಒಂದು ಬುಟ್ಟಿ ಆಚೀಚೆಯಾಗಿದ್ದರೆ ಜಗಲಿಯ ಮಾತೇ ಬೇರೆ.

ಇನ್ನು ಕಪ್ ಯಾರಿಗೆ ಎಂದು ಜಗಲಿ ಹೇಳುವ ಭವಿಷ್ಯ. ಅಯೋವಾ ವಿಶ್ವವಿದ್ಯಾಲಯದ ಕೇಟ್ಲಿನ್ ಕ್ಲಾರ್ಕ್ ಕಾಲೇಜು ಆಟದಲ್ಲಿ 3951 ಅಂಕ ಗುಡ್ಡೆ ಹಾಕಿದಳು. ಆದರೂ 2024ರ ಫೈನಲ್‌ನಲ್ಲಿ ಸೌತ್ ಕೆರೊಲಿನಾ ಅವಳ ತಂಡವನ್ನೇ 87-75ಕ್ಕೆ ಸೋಲಿಸಿ ಕಪ್ ಹೊತ್ತೊಯ್ದಿತು. ಅದೇ ವರ್ಷ ಇತ್ತ ಕ್ರಿಕೆಟ್‌ನಲ್ಲಿ, ಗಂಡಸರು ವರ್ಷವರ್ಷವೂ ಕೂಗಿಸಿಕೊಂಡ "ಈ ಸಲ ಕಪ್ ನಮ್ದೇ" ಎಂಬ ಮಾತನ್ನು ಆರ್‌ಸಿಬಿಯ ಹೆಣ್ಣುಮಕ್ಕಳು ಸದ್ದಿಲ್ಲದೆ ಮೊದಲು ನಿಜ ಮಾಡಿಬಿಟ್ಟರು. ಫೈನಲ್‌ನಲ್ಲಿ ನಾಲ್ಕು ವಿಕೆಟ್ ಕಿತ್ತ ನಮ್ಮ ಶ್ರೇಯಾಂಕಾ ಪಾಟೀಲ್‌ಗೆ ಆಗ ಇಪ್ಪತ್ತೊಂದು. ಯಾವ ಜ್ಯೋತಿಷಿ ಹೇಳಿದ್ದ?

ನನ್ನನ್ನು ಕೇಳಿದರೆ, ಬುಟ್ಟಿ ತಪ್ಪಿದಾಗ ಹುಡುಗಿ ತಲೆ ಮೇಲೆ ಕೈ ಹೊತ್ತು ನಿಲ್ಲುತ್ತಾಳೋ, ತಿರುಗಿ ಓಡುತ್ತಾಳೋ ಅಷ್ಟನ್ನು ನೋಡಿ. ಆದರೆ ಜಗಲಿಯಲ್ಲಿ ಯಾರು ಕೇಳುತ್ತಾರೆ? ಅಷ್ಟರಲ್ಲಿ ಒಬ್ಬರು ತಿಪಟೂರಿನ ಕೊಬ್ಬರಿ ರೇಟು ತೆಗೆದಿರುತ್ತಾರೆ. ಮುಂದಿನ ವಾರ ಅದು ಏರುತ್ತದೋ ಇಳಿಯುತ್ತದೋ ಹೇಳುವವರೂ ಇದೇ ಪಂಡಿತರು.