ಅಡುಗೆಮನೆಯ ಬಾಗಿಲು

ಅಮೆರಿಕದ ಅರಿಜೋನಾ ರಾಜ್ಯದಲ್ಲಿ ಶಾಲೆ ಮಕ್ಕಳಿಗೆ ಐದು ‘ಸಿ’ಗಳನ್ನು ಬಾಯಿಪಾಠ ಮಾಡಿಸುತ್ತಾರೆ. ತಾಮ್ರ, ದನ, ಹತ್ತಿ, ನಿಂಬೆ ಕಿತ್ತಳೆ, ಹವೆ. ಇಂಗ್ಲಿಷಿನಲ್ಲಿ ಐದೂ ‘ಸಿ’ ಅಕ್ಷರದಿಂದಲೇ ಶುರು. ನಾಡು ಕಟ್ಟಿದ್ದು ಈ ಐದು ಅಂತ ಪಾಠ. ಮೂವತ್ತು ವರ್ಷ ಹಳ್ಳಿ ಇಸ್ಕೂಲಿನಲ್ಲಿ ಮೇಷ್ಟ್ರಾಗಿದ್ದ ನನಗೆ ಆ ಪಟ್ಟಿಯಲ್ಲಿ ದನ ಕಂಡು ನಗು ಬಂತು. ದನ ಕಾದವನು, ಹತ್ತಿ ಬಿಡಿಸಿದವನು ಕಾಣಲಿಲ್ಲ.

ಅರಿಜೋನಾದ ರಾಜಧಾನಿ ಫೀನಿಕ್ಸ್. ವರ್ಷಕ್ಕೆ 7-8 ಅಂಗುಲ ಮಳೆ ಬಿದ್ದರೆ ಹೆಚ್ಚು, ಸುತ್ತ ಆಳೆತ್ತರ ಮೀರಿದ ಕಳ್ಳಿಗಿಡ. ಇಂಥ ಮರಳುಗಾಡಿಗೆ ದನ ಬಂದ ಕತೆ ದೊಡ್ಡದು. 1690ರ ದಶಕದಲ್ಲಿ ಯೂಸೆಬಿಯೊ ಕೀನೊ ಎಂಬ ಪಾದ್ರಿ ಈ ಸೀಮೆಗೆ ದನದ ಹಿಂಡು ತಂದ. 1880ರಲ್ಲಿ ರೈಲು ಟೂಸಾನ್ ಊರು ಮುಟ್ಟಿದ ಮೇಲೆ ಸಾಹುಕಾರರು ಹುಲ್ಲಿಗೆ ಮೀರಿ ದನ ತುಂಬಿದರು. 1891ರಿಂದ 1893ರವರೆಗಿನ ಬರದಲ್ಲಿ ದಕ್ಷಿಣ ಅರಿಜೋನಾದ ಅರ್ಧಕ್ಕಿಂತ ಹೆಚ್ಚು ದನ ಸತ್ತವು. ಆಮೇಲೆ ಫೀನಿಕ್ಸಿನ ಪೂರ್ವಕ್ಕೆ ಟೋವ್ರಿಯಾ ಮನೆತನದ ದೊಡ್ಡಿ ಬೆಳೆಯಿತು; ದನ ಮೇಯಿಸಿ ಕೊಬ್ಬಿಸುವ ಅಂಥ ದೊಡ್ಡಿಗಳಲ್ಲಿ ಅದು ಒಂದು ಕಾಲಕ್ಕೆ ಪ್ರಪಂಚದಲ್ಲೇ ದೊಡ್ಡದರ ಪೈಕಿ. ಅದರ ಮಗ್ಗುಲಿಗೇ 1947ರಲ್ಲಿ ಸ್ಟಾಕ್‌ಯಾರ್ಡ್ಸ್ ಎಂಬ ಹೋಟೆಲು ತೆರೆಯಿತು. ದನ ಕೊಳ್ಳುವವರು ಮಾರುವವರು ಅಲ್ಲೇ ಕೂತು ಸ್ಟೀಕ್ ತಿನ್ನುತ್ತಿದ್ದರು.

ಸ್ಟೀಕ್ ಅಂದರೆ ಬೇರೇನಲ್ಲ. ದನದ ಬೆನ್ನು, ಪಕ್ಕೆಯ ದಪ್ಪ ತುಂಡು. ಉಪ್ಪು, ಕರಿಮೆಣಸು ಸವರಿ ಉರಿಯ ಮೇಲೆ ಸುಡುವುದು. ಹೆಸರು ಇಂಗ್ಲಿಷಿನದಾದ ತಕ್ಷಣ ಬಾಡಿಗೆ ಬಿಳಿ ಮೇಜುಬಟ್ಟೆ ಬರುತ್ತದೆ.

2019ರಲ್ಲಿ ನಾನು ಮಗಳ ಮನೆಗೆ ಹೋಗಿದ್ದಾಗ ಅವಳು ನನ್ನನ್ನು ಡ್ಯುರಾಂಟ್ಸ್ ಎಂಬ ಹೋಟೆಲಿಗೆ ಕರಕೊಂಡು ಹೋದಳು. ಜ್ಯಾಕ್ ಡ್ಯುರಾಂಟ್ ಎಂಬಾತ 1950ರಲ್ಲಿ ಸೆಂಟ್ರಲ್ ಅವೆನ್ಯೂ ರಸ್ತೆಯಲ್ಲಿ ತೆರೆದದ್ದು. ಹೊರಗೆ ಗುಲಾಬಿ ಬಣ್ಣ, ಒಳಗೆ ಕೆಂಪು ಮಖಮಲ್ಲಿನಂಥ ಗೋಡೆ. ಅಲ್ಲೊಂದು ವಾಡಿಕೆ. ಮುಂದೆ ಬಾಗಿಲಿದ್ದರೂ ಬಲ್ಲ ಗಿರಾಕಿಗಳು ಹಿಂದೆ ಕಾರು ನಿಲ್ಲಿಸಿ ಅಡುಗೆಮನೆ ಹಾದು ಒಳಕ್ಕೆ ಬರುತ್ತಾರೆ. ಒಲೆ, ಹೊಗೆ, ಅಡುಗೆಯವರ ನಡುವೆ ನಡೆದು ಬರುವುದೇ ಅಲ್ಲಿ ದೊಡ್ಡಸ್ತಿಕೆ.

ಆ ಬಾಗಿಲಲ್ಲಿ ನನ್ನ ಕಾಲು ನಿಂತುಬಿಟ್ಟವು. “ಯಾಕಪ್ಪ, ಬಾ” ಅಂದಳು ಮಗಳು. ಅವಳಿಗೆ ಕಂಪ್ಯೂಟರ್ ಗೊತ್ತು, ನಮ್ಮೂರ ಗೌಡರ ಹಿತ್ತಿಲು ಗೊತ್ತಿಲ್ಲ. ನಮಗೂ ಹಿತ್ತಿಲ ಕಡೆಯೇ ದಾರಿ ಇದ್ದದ್ದು. ಸೌದೆ ಒಡೆದು, ಗೊಬ್ಬರ ಹೊತ್ತು, ಬೊಗಸೆಯೊಡ್ಡಿ ನಿಂತರೆ ಮ್ಯಾಲಿಂದ ಹಿಟ್ಟು ಬೀಳುತ್ತಿತ್ತು. ಆ ಮನೆಗೆ ನಲವತ್ತು ವರ್ಷ ಗೇದ ನಮ್ಮವ್ವ ಒಳಗಿನ ಒಲೆ ಯಾವ ಮೂಲೆಗಿದೆ ಅಂತ ಸಾಯೋಗಂಟ ನೋಡಲಿಲ್ಲ. ಅವಳ ಮಗ ಪರದೇಶದ ಸಾಹುಕಾರರ ಅಡುಗೆಮನೆಯ ನಟ್ಟನಡುವೆ ಬೂಟುಗಾಲಲ್ಲಿ ನಡೆದ. ಹಿಂದಿನಿಂದ ಯಾರೂ ನೀರು ಚಿಮುಕಿಸಲಿಲ್ಲ.

ಕೂತ ಮೇಲೆ ಬಡಿಸುವವನು ಬಂದು ಕೇಳಿದ: ಹೇಗೆ ಬೇಕು? ಹಸಿ ಹಸಿಯೋ, ನಡು ಕೆಂಪಗಿರಬೇಕೋ, ಪೂರಾ ಬೇಯಬೇಕೋ? ಸಣ್ಣ ಪ್ರಶ್ನೆ. ನಮ್ಮಪ್ಪನನ್ನು ಹಿಂಗೆ ಯಾರೂ ಕೇಳಿದವರಿಲ್ಲ. ಗೌಡರ ಕೊಟ್ಟಿಗೆಯಲ್ಲಿ ದನ ಸತ್ತರೆ ಕೇರಿಗೆ ಹೇಳಿಕೆ ಬರುತ್ತಿತ್ತು. ಗಳಕ್ಕೆ ಕಾಲು ಕಟ್ಟಿ ನಾಕಾಳು ಹೊರಬೇಕು. ಕೂಲಿ ಇಲ್ಲ, ಸತ್ತದ್ದೇ ಕೂಲಿ. ಪಾಲು ಹಾಕಿ ಉಳಿದದ್ದನ್ನು ಸೀಳಿ, ಉಪ್ಪು ಹಚ್ಚಿ, ಹಗ್ಗದ ಮೇಲೆ ಒಣಹಾಕುತ್ತಿದ್ದರು. ಮಳೆಗಾಲದಲ್ಲಿ ಆ ಕೊರಬಾಡೇ ಸಾರು. ಇಸ್ಕೂಲಿನಲ್ಲಿ ಪಕ್ಕದವನು ನನ್ನ ಅಂಗಿ ಮೂಸಿ ಮೂಗು ಮುಚ್ಚುತ್ತಿದ್ದ. ಅಮೆರಿಕದ ದುಬಾರಿ ಸ್ಟೀಕ್ ಹೋಟೆಲುಗಳಲ್ಲಿ ‘ಡ್ರೈ ಏಜ್ಡ್’ ಅಂತ ಒಂದು ಬಗೆ ಉಂಟು. ಮಾಂಸವನ್ನು ತಣ್ಣನೆ ಕೋಣೆಯಲ್ಲಿ ವಾರಗಟ್ಟಲೆ ಇಟ್ಟು, ಬೂಷ್ಟು ಹಿಡಿದ ಹೊರಪದರ ಹೆರೆದು ತೆಗೆಯುತ್ತಾರೆ. ಅದಕ್ಕೆ ಹೆಚ್ಚಿನ ದರ. ಅದರ ವಾಸನೆಯನ್ನು ಬಲ್ಲವರು ಹೊಗಳುತ್ತಾರೆ.

ನಮ್ಮ ಜತೆ ಮಗಳ ಆಫೀಸಿನ ಕನ್ನಡದ ಹುಡುಗನೊಬ್ಬ ಇದ್ದ. ಒಳ್ಳೆಯ ಹುಡುಗ, ಚೆನ್ನಾಗಿ ತಿಂದ. “ಇದು ಆಂಗಸ್ ಅಂಕಲ್, ನಮ್ಮೂರ ದನ ಅಲ್ಲ. ಮನೇಲಿ ಅಮ್ಮಂಗೆ ಮಾತ್ರ ಹೇಳಿಲ್ಲ” ಅಂದ. ಆಂಗಸ್ ಅನ್ನುವುದು ಸ್ಕಾಟ್ಲೆಂಡ್ ಮೂಲದ ಕಪ್ಪು ದನದ ತಳಿ. ಹಂಗಾದ್ರೆ ಮೈಲಿಗೆ ತಳಿ ನೋಡಿ ಅಂಟುತ್ತದೆ ಅಂತಾಯಿತು! ಎರಡು ತುಂಡು ಕತ್ತರಿಸಿ ಬಾಯಿಗಿಟ್ಟುಕೊಂಡು ಅವನೇ ಕೇಳಿದ: “ಅಂಕಲ್, ನಿಮ್ದು ಯಾವೂರು? ಊರಲ್ಲಿ ಯಾವ ಬೀದಿ?” ಬಾಯಲ್ಲಿ ದನದ ಮಾಂಸ, ನಾಲಿಗೆಯಲ್ಲಿ ಜಾತಿ. “ಕೇರಿ ಕಣಪ್ಪ” ಅಂದೆ. ಮಾತು ಹವೆಯ ಕಡೆ ತಿರುಗಿತು. 2023ರಲ್ಲಿ ಅಮೆರಿಕದ ಸಿಯಾಟಲ್ ನಗರಸಭೆ ಜಾತಿ ತಾರತಮ್ಯವನ್ನು ನಿಷೇಧಿಸಿದ ಸುದ್ದಿ ಓದಿದಾಗ ನನಗೆ ಮೊದಲು ನೆನಪಾದದ್ದು ಆ ಹುಡುಗ.

ಹಾಗಂತ ಅಮೆರಿಕ ಸಮಾನತೆಯ ಸ್ವರ್ಗ ಅಂತ ನಾನು ಬರೆಯಲಾರೆ. ಇದೇ ಫೀನಿಕ್ಸಿನ ಎಷ್ಟೋ ಹೋಟೆಲುಗಳಲ್ಲಿ ಕಪ್ಪು ಜನಕ್ಕೆ ಕೂತು ಉಣ್ಣುವ ಹಕ್ಕಿರಲಿಲ್ಲ. 1964ರ ನಾಗರಿಕ ಹಕ್ಕುಗಳ ಕಾಯ್ದೆ ಬರಬೇಕಾಯಿತು. ಊರಿನ ದಕ್ಷಿಣಕ್ಕೆ ಹೀಲಾ ನದಿ. ಅದನ್ನೇ ನಂಬಿ ಕಾಲುವೆ ತೋಡಿ ಬೆಳೆ ತೆಗೆಯುತ್ತಿದ್ದವರು ಅಕಿಮೆಲ್ ಓಧಮ್ ಬುಡಕಟ್ಟಿನವರು. ಅವರ ಭಾಷೆಯಲ್ಲಿ ಆ ಹೆಸರಿನ ಅರ್ಥ ಹೊಳೆಯ ಜನ. 19ನೇ ಶತಮಾನದ ಕೊನೆಗೆ ಬಿಳಿಯರು ಮೇಲುಗಡೆ ನೀರು ತಿರುಗಿಸಿಕೊಂಡರು. ಹೊಳೆಯ ಜನಕ್ಕೆ ಹೊಳೆ ಇಲ್ಲದಾಯಿತು, ಹಸಿವು ಬಂತು. ಅವರ ಪಾಲಿನ ನೀರಿಗೆ ಕಾನೂನಿನ ಒಪ್ಪಂದ ಆದದ್ದು 2004ರಲ್ಲಿ. ಈ ಮರಳುಗಾಡಿನಲ್ಲಿ ಈಗಲೂ ನೀರು ಹಾಯಿಸಿ ದನಕ್ಕೆ ಕುದುರೆ ಮಸಾಲೆ ಸೊಪ್ಪು ಬೆಳೆಯುತ್ತಾರೆ. ತಟ್ಟೆಯ ಸ್ಟೀಕಿನಲ್ಲಿ ಆ ನೀರಿನ ಲೆಕ್ಕವೂ ಇದೆ.

ನಾವು ಹಾದು ಬಂದ ಅಡುಗೆಮನೆಯಲ್ಲಿ ಕೆಲಸದವರ ಮಾತು ಸ್ಪ್ಯಾನಿಷ್. ಗಿರಾಕಿಗೆ ಆ ಹಿಂಬಾಗಿಲು ಒಂದು ಮೋಜು, ದುಡಿಯುವವನಿಗೆ ದಿನದ ದಾರಿ. ಅರಿಜೋನಾ ಸರ್ಕಾರ 2010ರಲ್ಲಿ ಎಸ್.ಬಿ. 1070 ಎಂಬ ಕಾನೂನು ತಂದು, ಪರವಾನಗಿ ಇಲ್ಲದೆ ಬಂದವರೆಂದು ಅನುಮಾನ ಬಂದರೆ ಕಾಗದಪತ್ರ ಕೇಳುವ ಕೆಲಸ ಪೊಲೀಸರಿಗೆ ವಹಿಸಿತು. 2012ರಲ್ಲಿ ಸುಪ್ರೀಂ ಕೋರ್ಟು ಅದರ ಬಹಳಷ್ಟನ್ನು ಹೊಡೆದುಹಾಕಿದರೂ ಈ ಭಾಗವನ್ನು ಉಳಿಸಿತು.

ಒಂದು ಭಾನುವಾರ ಬೆಳಿಗ್ಗೆ ಮಗಳ ಮನೆ ಹತ್ತಿರದ ಮೆಕ್ಸಿಕೋದವರ ಸಣ್ಣ ಹೋಟೆಲಿಗೆ ನಾನೊಬ್ಬನೇ ಹೋದೆ. ಅಲ್ಲಿ ಮೆನೂದೊ ಸಿಗುತ್ತದೆ. ದನದ ಬೋಟಿಯನ್ನು ಗಂಟೆಗಟ್ಟಲೆ ಬೇಯಿಸಿ, ಸುಣ್ಣದ ನೀರಲ್ಲಿ ಹದ ಮಾಡಿದ ಮುಸುಕಿನ ಜೋಳ ಹಾಕಿದ ಸಾರು. ಗಡಿಯಾಚೆಯ ಸೊನೋರಾ ಸೀಮೆಯವರು ಅದನ್ನು ಕೆಂಪು ಮೆಣಸಿನಕಾಯಿ ಹಾಕದೆ ಬೆಳ್ಳಗೆ ಮಾಡುತ್ತಾರೆ. ಒಂದು ಸ್ಟೀಕಿನ ದುಡ್ಡಿಗೆ ಇಂಥ ಐದಾರು ಬಟ್ಟಲು ಬರುತ್ತವೆ. ಪಕ್ಕದಲ್ಲಿ ಕೂತ ಕೂಲಿಯವನು ನಿಂಬೆಹೋಳನ್ನು ನನ್ನ ಕಡೆ ತಳ್ಳಿದ. ಬೋಟಿ ಹೆಂಗೆ ತೊಳೀತೀರಿ ಅಂತ ಕೈಸನ್ನೆಯಲ್ಲಿ ಕೇಳಿದೆ. ಬಡಿಸುವ ಹೆಂಗಸು ನಕ್ಕು, ಎರಡು ಕೈಯಲ್ಲಿ ಉಜ್ಜಿ, ತಿರುಗಿಸಿ, ಮತ್ತೆ ಉಜ್ಜಿ ತೋರಿಸಿದಳು. ನಮ್ಮವ್ವನ ಕೈ ಹಿಂಗೇ ಆಡುತ್ತಿತ್ತು.

ನಾನು ಊರಿಗೆ ಬಂದ ಮೇಲೆ, 2021ರಲ್ಲಿ ಕರ್ನಾಟಕದಲ್ಲಿ ಹೊಸ ಗೋಹತ್ಯೆ ನಿಷೇಧ ಕಾಯ್ದೆ ಜಾರಿಗೆ ಬಂತು. ಹಸು, ಎತ್ತು, ಹೋರಿ ಯಾವುದನ್ನೂ ಕಡಿಯುವಂತಿಲ್ಲ. 13 ವರ್ಷ ದಾಟಿದ ಎಮ್ಮೆ ಕೋಣಕ್ಕೆ ಮಾತ್ರ ಅನುಮತಿ. ತಪ್ಪಿದರೆ 3ರಿಂದ 7 ವರ್ಷ ಜೈಲು. ದನದ ಮಾಂಸಕ್ಕೂ ಅಸ್ಪೃಶ್ಯತೆಗೂ ಇರುವ ಗಂಟನ್ನು ಅಂಬೇಡ್ಕರ್ 1948ರಲ್ಲೇ ಪುಸ್ತಕ ಬರೆದು ಬಿಚ್ಚಿ ತೋರಿಸಿದ್ದರು. ಸ್ಟೀಕ್ ತಿಂದ ಆ ಹುಡುಗನಿಗೆ ಈ ಕಾಯ್ದೆ ತಟ್ಟುವುದಿಲ್ಲ. ನಮ್ಮ ಕೇರಿಯ ಮುದುಕಿ ಬಾಡಿನ ಮಾತು ಬಂದರೆ ಈಗ ಬಾಗಿಲು ಮುಂದೆ ಮಾಡುತ್ತಾಳೆ, ದನಿ ಇಳಿಸುತ್ತಾಳೆ.

ಓದುವ ಹುಡುಗರು, ಮೇಷ್ಟ್ರುಗಳು ಒಂದು ಕೆಲಸ ಮಾಡಿ. ನಿಮ್ಮ ಕೇರಿಯ ಅಜ್ಜಿಯರ ಹತ್ತಿರ ಕೂತು, ಕೊರಬಾಡು ಹೆಂಗೆ ಒಣಗಿಸುತ್ತಿದ್ದರು, ಬೋಟಿಗೆ ಏನು ಹಾಕುತ್ತಿದ್ದರು, ಪಾಲು ಹೆಂಗೆ ಹಂಚುತ್ತಿದ್ದರು, ಹೊತ್ತವರ ಹೆಸರೇನು, ಎಲ್ಲ ಬರೆದುಕೊಳ್ಳಿ. ಅವರು ಇರುವಾಗಲೇ ಬರೆದುಕೊಳ್ಳಿ.